ಚೇತುವಿನ ಆಲ್ಬಮ್, ಕ್ಲಾಂಗ್ ಬಂದರಿನ ಕಾಗೆ

ಕಾಗೆ ಪಿಂಡ ಮುಟ್ಟುವುದಕ್ಕೂ ಸತ್ತವರ ಮನಸ್ಸಿಗೂ ಸಂಬಂಧವಿದೆ ಎಂದು ಅಜ್ಜಿ ಹೇಳಿದಾಗಲೆಲ್ಲ ನಕ್ಕವಳು ನಾನು. ಕಾಗೆಗೆ ಹಸಿವಾದರೆ ತಿನ್ನುತ್ತದೆ, ಅಷ್ಟೇ ಎನ್ನುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ?

ನನ್ನ ತಮ್ಮ ಚೇತು ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕೆಲಸಕ್ಕಿದ್ದ; ನಾನೂ ಗಂಡನೊಂದಿಗೆ ಅದೇ ಊರಿನಲ್ಲಿದ್ದೆ. ಅವನ ಕಾರಿನಲ್ಲಿ ಯಾವಾಗಲೂ ಒಂದೇ ಇಂಗ್ಲಿಷ್ ರಾಕ್ ಆಲ್ಬಮ್. ಗಿಟಾರು ಮಂಜಿನೊಳಗಿಂದ ಬಂದ ಹಾಗೆ ನಿಧಾನಕ್ಕೆ ಎದ್ದು, ಹಾಡುವವನು ಬಾಯಿ ತೆರೆಯುವಷ್ಟರಲ್ಲಿ ನಾವು ಟೋಲ್ ದಾಟಿರುತ್ತಿದ್ದೆವು. "ಯಾರ ಮನೇಲೋ ಸಾವಾದಂಗಿದೆ ಕಣೋ, ಆರಿಸು" ಎಂದು ಬೈಯುತ್ತಿದ್ದೆ. ಒಂದು ಬೆಳಗ್ಗೆ ಎದೆ ನೋವೆಂದು ಕೂತವನು ಏಳಲೇ ಇಲ್ಲ.

ಹತ್ತನೆಯ ದಿನ ಕಡಲ ಅಂಚಿನಲ್ಲಿ ಪಿಂಡ ಇಟ್ಟೆವು. ಆ ಊರಿನ ಕಾಗೆಗಳು ಮಾಮಕ್ ಅಂಗಡಿಯ, ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿನ, ಮೇಜಿನಿಂದಲೇ ರೊಟ್ಟಿ ಹಾರಿಸುವಂಥವು. ಅಂದು ಬೇಲಿಯ ಮೇಲೆ ಸಾಲಾಗಿ ಕೂತವೇ ಹೊರತು ಒಂದೂ ಇಳಿಯಲಿಲ್ಲ. ಹಾಗಾದಾಗ ಹತ್ತಿರದವರು ಕೈಮುಗಿದು ಸತ್ತವರಿಗೆ ಮಾತು ಕೊಡುವುದು ನಮ್ಮಲ್ಲಿ ಪದ್ಧತಿ. ಸುಮಾಳ ಕೈ ಬಿಡುವುದಿಲ್ಲ ಎಂದು ನಾನು ಹೇಳಿದೆ. ಸುಮಾ ಅವನ ಹೆಂಡತಿ. ಕಾಗೆ ಮಿಸುಕಲಿಲ್ಲ.

ಕರ್ಮಕ್ಕೆಂದು ಮೈಸೂರಿನಿಂದ ಬಂದಿದ್ದ ದೊಡ್ಡಪ್ಪ ಬಾರದ ಕಾಗೆಯ ಬದಲಿಗೆ ಪಿಂಡಕ್ಕೆ ಮುಟ್ಟಿಸಲು ದರ್ಭೆಯಲ್ಲಿ ಕಾಗೆ ಕಟ್ಟಲು ಕೂತರು. "ಏನೋ ಕೊರಗು ಇಟ್ಕೊಂಡೇ ಹೋಗಿದಾನೆ. ಮನೇಲಿ ನೆಮ್ಮದಿ ಇತ್ತೋ ಇಲ್ವೋ."

ಆ ಮಾತು ನಮಗಿಂತ ಮೊದಲು ಮೈಸೂರು ಮುಟ್ಟುತ್ತದೆ, ಸುಮಾ ಬದುಕಿರುವವರೆಗೂ ಅವಳ ಬೆನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಎದ್ದು ಹೋಗಿ ಚೇತುವಿನ ಕಾರಿನ ನಾಲ್ಕೂ ಬಾಗಿಲು ತೆರೆದು ಆಲ್ಬಮ್ ಹಾಕಿದಳು.

"ಸುಮಾ, ಇದೇನು ಹೋಟ್ಲಾ?"

"ಹತ್ತು ದಿನ ನೀವು ಹೇಳಿದ್ದೆಲ್ಲ ಮಾಡಿದೀನಿ ದೊಡ್ಡಮಾವ. ಈಗ ಅವರದೂ ಒಂದು ನಡೀಲಿ."

"ಪುರೋಹಿತರೇ, ನೀವಾದ್ರೂ ಹೇಳಿ."

ಅಲ್ಲಿನ ತಮಿಳು ಪುರೋಹಿತರು ಬೆವರು ಒರೆಸಿಕೊಂಡು, "ಪಾಟ್ಟು, ಹಾಡು ತಾನೇ, ಇರ್ಲಿ ಲಾ" ಎಂದು ಆ ಊರಿನ ರಾಗದಲ್ಲಿ ಅಂದರು.

ಅಂದು ಮೊದಲ ಬಾರಿಗೆ ಅದನ್ನು ಪೂರ್ತಿ ಕೇಳಿದೆ. ಮಾತು ಅರ್ಧ ಅರ್ಥವಾಗಲಿಲ್ಲ. ಆದರೂ ಮೂರನೆಯ ಹಾಡಿನ ಹೊತ್ತಿಗೆ, ಹತ್ತು ದಿನ ಎಲ್ಲರಿಗೂ ಕಾಫಿ ಬೆರೆಸಿಕೊಟ್ಟು ಗಟ್ಟಿಯಾಗಿದ್ದ ನಾನು ಮರಳಿನ ಮೇಲೆ ಕೂತು ಅತ್ತೆ. ದೊಡ್ಡಪ್ಪನ ಕೈಯಲ್ಲಿ ದರ್ಭೆ ಹಾಗೇ ಉಳಿಯಿತು; ಅವರೂ ಶಲ್ಯದಿಂದ ಕಣ್ಣೊರೆಸಿಕೊಂಡರು. ಬೇಲಿಯ ಮೇಲಿನ ಕಾಗೆಗಳು ಮುಕ್ಕಾಲು ಗಂಟೆ ಕಾ ಎನ್ನಲಿಲ್ಲ. ಕೊನೆಯ ಹಾಡಿನ ಗಿಟಾರು ಇನ್ನೂ ಕರಗುತ್ತಿರುವಾಗ ಒಂದು ಇಳಿದು ಬಂತು. ನಡೆದುಕೊಂಡು, ಅವಸರವಿಲ್ಲದೆ. ತಿಂದಿತು.

ಸದ್ದಿಗೆ ಹೆದರಿ ಕೂತಿದ್ದವು, ಅದು ಇಳಿದಾಗ ಒಂದು ಬಂತು ಎಂದು ನನ್ನ ಗಂಡ ಹೇಳುತ್ತಾರೆ. ಹಾಗಾದರೆ ಹಾಡು ಹಾಕುವ ಮೊದಲು, ಸದ್ದಿಲ್ಲದಾಗ ಯಾಕೆ ಬರಲಿಲ್ಲ? ಆಮೇಲೆ ಒಂದು ದಿನ ಅದೇ ಜಾಗಕ್ಕೆ ಹೋಗಿ ಅನ್ನ ಇಟ್ಟೆ. ನಿಮಿಷದಲ್ಲಿ ಮುತ್ತಿದವು. ಆಲ್ಬಮ್ ಹಾಕಿದೊಡನೆ ಚೆದುರಿ ಹಾರಿದವು. ನನಗಂತೂ ಬಗೆಹರಿಯಲಿಲ್ಲ.

ದರ್ಭೆಯ ಕಾಗೆಯಿಂದಲೇ ಮುಗಿಸಿದೆವು ಎಂದು ದೊಡ್ಡಪ್ಪ ಊರಲ್ಲಿ ಹೇಳಿಕೊಂಡು ಬರುತ್ತಿದ್ದಾರಂತೆ. ಈಚೆಗೆ ಮೈಸೂರಿನ ಒಂದು ಮದುವೆಯಲ್ಲಿ ಅವರು ಅದನ್ನೇ ತೆಗೆದಾಗ ನೂರು ಜನರ ಪಂಕ್ತಿಯ ನಡುವೆ ನಾನು ಎದ್ದು ನಿಂತು, "ಇಲ್ಲ ದೊಡ್ಡಪ್ಪ, ಕಾಗೆ ಬಂತು, ನೀವೂ ಅತ್ರಿ" ಎಂದೆ. ಪಕ್ಕದಲ್ಲಿ ಕೂತಿದ್ದ ಸುಮಾ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.