ಕಾಕಾನ ಬಲಗಣ್ಣಿನ ದಾರ

ನಮ್ಮ ಕಾಕಾನ ಬಲಗಣ್ಣು ಹೋದದ್ದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದು ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಕಾಕಾನದು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ತೆಂಗಿನಕಾಯಿ, ಊದಿನಕಡ್ಡಿಯ ಅಂಗಡಿ. ತೊಂಬತ್ತರ ದಶಕದಲ್ಲಿ ಒಮ್ಮೆ ಕಾಯಿ ಒಡೆಯುವಾಗ ಚಿಪ್ಪಿನ ಚೂರು ಸಿಡಿದು ಕಣ್ಣಿಗೆ ಬಡಿಯಿತು. ಗುಲಬರ್ಗಾದ ಡಾಕ್ಟರು ಕೆಟ್ಟ ಮಸೂರ ತೆಗೆದು ಬೇರೆಯದನ್ನು ಇಟ್ಟರು. ಅದು ಕೂರಲು ಒಳಗೆ ಆಧಾರ ಉಳಿದಿರಲಿಲ್ಲ. ಹಾಗಾಗಿ ಕಣ್ಣಿನ ಬಿಳಿಭಾಗಕ್ಕೆ ಸಣ್ಣ ದಾರದಿಂದ ಹೊಲಿದರು. ಕಾಕಾ ಮತ್ತೆ ಪೇಪರು ಓದತೊಡಗಿದರು. ಎಂಟು ವರ್ಷ ಏನೂ ಆಗಲಿಲ್ಲ. ಹೊಲಿಗೆ ಇರುವುದನ್ನೇ ನಾವೆಲ್ಲ ಮರೆತೆವು.

ಆಗ ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಒಂದು ರವಿವಾರ ಬಸ್ಸು ಹಿಡಿದು ಹೋದರೆ ಕಾಕಾ ಅಂಗಡಿಯಲ್ಲಿ ಕಣ್ಣು ತಿಕ್ಕುತ್ತ ಕೂತಿದ್ದರು.

"ವಾರ ಆತು, ಕೂದಲ ಸಿಕ್ಕಂಗ ಚುಚ್ಚಾಕತ್ತದ."

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಳಗಿನಿಂದಲೇ ಹೇಳಿದಳು: "ರಾಜೇಶ್ವರದಾಗ ಒಬ್ಬಾಕಿ ಮುದುಕಿ ನಾಲಿಗೀಲೆ ಕಣ್ಣಾಗಿನ ಕಸ ತಗೀತಾಳ. ನಾಳೆ ಕರಕೊಂಡು ಹೋಗ್ತೀನಿ."

"ಯಾವ ಕಾಲದಾಗ ಇದ್ದಿ ಚಿಗವ್ವಾ? ಬಾಯಾಗ ಎಷ್ಟು ಕ್ರಿಮಿ ಇರ್ತಾವ ಗೊತ್ತೇನು?"

ಕಾಕಾ ನಕ್ಕರು. "ಇವನ ನಾಲಿಗಿನೂ ಉದ್ದ ಅದ. ಆದ್ರ ಕಣ್ಣಿಗಿ ಉಪಯೋಗಿಲ್ಲ."

ಆ ಮಾತು ತಾಗಿತೋ ಏನೋ, ನಾನೇ ರೆಪ್ಪೆ ಎತ್ತಿ ನೋಡಿದೆ. ಬಿಳಿಯ ಮೇಲೆ ಕೂದಲಿನಂಥ ಒಂದು ತುದಿ ನಿಂತಿತ್ತು. "ರೆಪ್ಪಿ ಕೂದಲರಿ, ತಾನ ಬೀಳ್ತದ," ಎಂದೆ. ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಆಮೇಲೆ ಕರವಸ್ತ್ರದ ತುದಿಯಿಂದ ಅದನ್ನು ಜಗ್ಗಿದೆ ಎಂಬುದು ನನ್ನೊಬ್ಬನ ನೆನಪು. ಬರಲಿಲ್ಲ, ಒಳಗೆ ಯಾರೋ ಹಿಡಿದುಕೊಂಡಂತಿತ್ತು. ಅದು ನೀಲಿಯಾಗಿತ್ತು ಅಂತಲೂ ನೆನಪು. ಆದರೆ ಹೊಲಿಗೆಯ ದಾರ ನೀಲಿ ಎಂದು ಡಾಕ್ಟರು ಹೇಳಿದ ಮೇಲೆ ಆ ಬಣ್ಣ ಸೇರಿಕೊಂಡಿತೇ? ನೀಲಿ ಅಂದೇ ಕಂಡಿದ್ದರೆ ಅಂದೇ ಗುಲಬರ್ಗಾಕ್ಕೆ ಕರೆದೊಯ್ಯಬೇಕಿತ್ತಲ್ಲ.

ಬುಧವಾರ ಫೋನು ಬಂತು. ಕಣ್ಣು ಕೆಂಪಾಗಿ ಕೀವು ಬಂದಿತ್ತು, ಎದುರಿಗೆ ನಿಂತವರು ಬರೀ ನೆರಳಿನಂತೆ ಕಾಣುತ್ತಿದ್ದರು. ಗುಲಬರ್ಗಾಕ್ಕೆ ಕರೆದೊಯ್ದೆ. ಹೊಲಿಗೆಯ ದಾರದ ತುದಿ ಕಣ್ಣಿನ ಮೇಲ್ಪದರವನ್ನು ಸವೆಸಿಕೊಂಡು ಹೊರಬಂದಿದೆ, ಅದರ ಗುಂಟ ಸೋಂಕು ಒಳಗಿಳಿದಿದೆ ಎಂದರು ಡಾಕ್ಟರು. ಆಮೇಲೆ ಕೇಳಿದರು: "ಯಾರಾದರೂ ಅದನ್ನ ಮುಟ್ಟಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: "ಯಾರೂ ಮುಟ್ಟಿಲ್ರಿ. ನಾನ ತಿಕ್ಕೊಂಡೇನಿ."

ಕಣ್ಣೊಳಗೇ ಇಂಜೆಕ್ಷನ್ ಕೊಟ್ಟರು, ಮಸೂರ ತೆಗೆದರು. ಕಣ್ಣುಗುಡ್ಡೆ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಮುಟ್ಟದಿದ್ದರೂ ಹೀಗಾಗಬಹುದಿತ್ತು ಎಂದು ಡಾಕ್ಟರು ನಂತರ ನನಗೆ ಹೇಳಿದರು. ಆಗಬಹುದಿತ್ತು ಎಂಬುದು ಪುರಾವೆಯಲ್ಲ. ಚಿಗವ್ವನನ್ನು ಕೇಳಿದರೆ, "ನೀ ಬರೇ ನೋಡಿದಿ," ಎಂದಳು. ಆದರೆ ಅವಳು ಒಳಗಿದ್ದಳು. ಕಾಕಾನನ್ನು ಕೇಳಿದೆ. "ಬಿಡೋ ತಮ್ಮಾ, ಎಂ.ಎಸ್ಸಿ. ಮಾಡಿದವ್ರಿಗಿ ಎಲ್ಲಾ ತಾವ ಮಾಡೀವಿ ಅನಸ್ತದ," ಎಂದರು.

ಕೆಲವು ವರ್ಷಗಳ ಮೇಲೆ ಅವರ ಎಡಗಣ್ಣಿಗೂ, ಅಂದರೆ ಇದ್ದ ಒಂದೇ ಕಣ್ಣಿಗೂ, ಪೊರೆಯ ಆಪರೇಷನ್ ಆಯಿತು. ವಯಸ್ಸಾಗಿ ಚಿಗವ್ವನ ಕೈ ನಡುಗುತ್ತಿತ್ತು. ಡ್ರಾಪ್ಸ್ ಹಾಕಲು ನಾನೇ ಬರಬೇಕೆಂದು ಕಾಕಾ ಹೇಳಿಕಳಿಸಿದರು. ರಜೆ ಹಾಕಿ ಹೋದೆ. ಮೊದಲ ದಿನ ಶೀಸೆ ಹಿಡಿದು ಎದುರಿಗೆ ನಿಂತಾಗ ಅವರು ತಲೆ ಹಿಂದಕ್ಕೆ ಚೆಲ್ಲಿ ಕೇಳಿದರು:

"ಕೈ ತೊಳಕೊಂಡಿ?"

ಹಾಗೆ ಕೇಳಬೇಕೆಂದು ಡಾಕ್ಟರು ಎಲ್ಲ ರೋಗಿಗಳಿಗೂ ಹೇಳಿರುತ್ತಾರೆ. ನಾನು ತೊಳೆದುಕೊಂಡೇ ಬಂದಿದ್ದೆ. ಆದರೂ ಹೋಗಿ ಇನ್ನೊಮ್ಮೆ ಸಾಬೂನು ಹಚ್ಚಿ ಉಗುರಿನ ಸಂದಿಯವರೆಗೂ ತೊಳೆದು ಬಂದೆ. ಅಷ್ಟು ಹೊತ್ತೂ ಅವರು ತಲೆ ಎತ್ತಿಕೊಂಡೇ ಕಾದಿದ್ದರು.