ಅಡಚಣೆ, ನಲವತ್ತೊಂದು ಸೆಕೆಂಡು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದು ಕರೆಯುತ್ತಿದ್ದರು. ಅದು ಅವಳು ದುಡಿದು ಗಳಿಸಿದ ಹೆಸರು. ರಾಜಕೀಯದಲ್ಲೇ ತಲೆ ನರೆಸಿಕೊಂಡವರು ಮುಪ್ಪಿನಲ್ಲಿ ಕೂತು ಹೇಳಿದ ನೆನಪುಗಳನ್ನು ಟೇಪಿನಿಂದ ಕೇಳಿ, ಒಂದು ಮಾತೂ ಬಿಡದೆ ಟೈಪ್ ಮಾಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಮೂರನೇ ಮಹಡಿ, ಅದೇ ಕಿಟಕಿ, ಅದೇ ಹೆಡ್‌ಫೋನ್. ಹೆಡ್‌ಫೋನಿನ ಸ್ಪಂಜನ್ನು ಮಾತ್ರ ನಾಲ್ಕು ಸಲ ಬದಲಾಯಿಸಿದ್ದಳು.

ಅವಳ ಬೆನ್ನ ಹಿಂದೆ ಎರಡು ಕಪಾಟುಗಳಿದ್ದವು. ಒಂದರಲ್ಲಿ ದೊಡ್ಡವರ ದಿನಚರಿಗಳು. ಅವುಗಳಲ್ಲಿ ದೇಶದ ಗುಟ್ಟು ತುಂಬಿದೆ ಎಂದು ಹೊರಗಿನವರು ತಿಳಿದಿದ್ದರು. ಓದಿದವಳಿಗೆ ಗೊತ್ತಿತ್ತು, ಅವುಗಳಲ್ಲಿ ಹೆಚ್ಚಾಗಿ ಇದ್ದದ್ದು ಹೊಟ್ಟೆನೋವು, ಹವೆ, ಮತ್ತು ಇವತ್ತು ಯಾರು ತಮ್ಮನ್ನು ನೋಡಿಯೂ ನೋಡದಂತೆ ಹೋದರು ಎಂಬ ಪಟ್ಟಿ. ಇನ್ನೊಂದರಲ್ಲಿ ಟೇಪಿನ ಸುರುಳಿಗಳು.

ಟೇಪು ಹಚ್ಚಿದಾಗ ಅವಳಿಗೆ ಮೊದಲು ಕೇಳುತ್ತಿದ್ದದ್ದು ಮಾತಲ್ಲ, ಕೋಣೆ. ಕಾಲಿನ ಪೆಡಲ್ ಒತ್ತಿದರೆ ಕತ್ತಲಲ್ಲಿ ದೀಪ ಹಚ್ಚಿದ ಹಾಗೆ ಒಂದು ಕೋಣೆ ಎದ್ದು ನಿಲ್ಲುತ್ತಿತ್ತು. ಲೋಟ ಇಟ್ಟ ಸದ್ದಿನಿಂದ ಮೇಜು ಮರದ್ದೋ ಕಲ್ಲಿನದೋ ತಿಳಿಯುತ್ತಿತ್ತು. ಫ್ಯಾನಿನ ಕಿರುಗುಟ್ಟುವಿಕೆಯ ಅಂತರ ಎಣಿಸಿ ಅದು ಎರಡರಲ್ಲಿ ಓಡುತ್ತಿದೆಯೋ ಮೂರರಲ್ಲೋ ಹೇಳುತ್ತಿದ್ದಳು. ಎಂದೂ ಕಾಲಿಡದ ನೂರಾರು ಕೋಣೆಗಳಲ್ಲಿ ಅವಳು ಹೀಗೆ ಓಡಾಡಿ ಬಂದಿದ್ದಳು. ಪೆಡಲ್ ಬಿಟ್ಟರೆ ಮುಗಿಯಿತು, ಮತ್ತೆ ತನ್ನ ಕಿಟಕಿ, ತನ್ನ ತಣ್ಣಗಾದ ಚಹಾ.

ಟೇಪು ಟೈಪಾಗಬೇಕು. ಹೇಳಿದವರು ಓದಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಟೇಪನ್ನು ಅಳಿಸಿ ಮುಂದಿನವರ ನೆನಪು ತುಂಬಿಸಲು ಕಳಿಸಬೇಕು. ಕಾಗದ ಉಳಿದರೆ ಸಾಕು, ದನಿ ಉಳಿಯಬೇಕಿಲ್ಲ ಎಂದು ಯಾರೋ ಎಂದೋ ತೀರ್ಮಾನಿಸಿದ್ದರು. ಇನ್ನೊಂದು ನಿಯಮವೂ ಇತ್ತು. ಪ್ರಶ್ನೆ ಕೇಳುವವರು ಮತ್ತು ಉತ್ತರ ಹೇಳುವವರನ್ನು ಬಿಟ್ಟು ಬೇರೆ ಯಾರು ಮಾತಾಡಿದರೂ ಅದನ್ನು ಬರೆಯುವಂತಿಲ್ಲ. ‘ಅಡಚಣೆ’ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಎಷ್ಟು ಸೆಕೆಂಡು ಎಂದು ನಮೂದಿಸಬೇಕು. ಚಹಾ ತಂದವರು, ಫೋನ್ ಬಂತೆಂದು ಕರೆದವರು, ಮಾತ್ರೆ ನುಂಗಿದಿರಾ ಎಂದು ಕೇಳಿದ ಹೆಂಡತಿ, ಎಲ್ಲರೂ ಅಡಚಣೆ. ಅವಳು ಸಾವಿರಾರು ಅಡಚಣೆಗಳನ್ನು ಟೈಪ್ ಮಾಡಿದ್ದಳು, ಮನಸ್ಸಿಗೇನೂ ಹಚ್ಚಿಕೊಳ್ಳದೆ.

ಹಿರಿಯರ ಏಳನೇ ಟೇಪು ಬರುವವರೆಗೆ.

ಹಿರಿಯರೆಂದರೆ ಒಂದು ಕಾಲಕ್ಕೆ ಸರ್ಕಾರ ನಡೆಸಿದವರು. ಅವಳ ಅಪ್ಪ ಅವರ ಬಳಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದ. ಗಾಡಿಯಲ್ಲಿ ಕೇಳಿದ್ದನ್ನು ಗಾಡಿಯಲ್ಲೇ ಬಿಟ್ಟು ಬರುವ ಮನುಷ್ಯ. ಆ ಅಭ್ಯಾಸ ಬೆಳೆದು ಬೆಳೆದು ಮನೆಯಲ್ಲೂ ಮಾತು ನಿಂತುಹೋಗಿತ್ತು. “ನಿಮ್ಮಪ್ಪನ ಬಾಯಿಗೆ ಬೀಗ, ಬೀಗದ ಕೈ ಗಾಡೀಲಿ” ಎನ್ನುತ್ತಿದ್ದಳು ಅಮ್ಮ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಉಳಿದದ್ದು ಒಂದೇ ಫೋಟೋ; ಅದರಲ್ಲೂ ಗಾಡಿಯ ಮುಂಭಾಗ ಚೆನ್ನಾಗಿ ಬಿದ್ದು, ಅವನ ಮುಖ ನೆರಳಿನಲ್ಲಿತ್ತು. ದನಿಯಂತೂ ಎಲ್ಲೂ ಇರಲಿಲ್ಲ. ಎಷ್ಟೋ ಬೆಳಗಿನ ಜಾವ ಎಚ್ಚರಾದಾಗ ಅದನ್ನು ನೆನಪಿಸಿಕೊಳ್ಳಲು ನೋಡಿ ಸೋತಿದ್ದಳು. ಅಷ್ಟು ಜನರ ದನಿ ತುಂಬಿದ್ದ ಕಿವಿಯಲ್ಲಿ ಅಪ್ಪನದೊಂದೇ ಸಿಗುತ್ತಿರಲಿಲ್ಲ.

ಹಿರಿಯರ ಟೇಪುಗಳು ನಾಲ್ಕು ವರ್ಷ ಸರದಿಯಲ್ಲಿ ಕಾದು ಅವಳ ಮೇಜಿಗೆ ಬಂದವು. ಏಳನೆಯದರಲ್ಲಿ ಹಿರಿಯರು ಸರ್ಕಾರ ಬಿದ್ದ ದಿನದ ಕತೆ ಹೇಳುತ್ತಿದ್ದರು. “ಸಂಜೆವರೆಗೂ ಸಹೋದ್ಯೋಗಿಗಳ ಜೊತೆ ಸಮಾಲೋಚನೆ ಮಾಡಿದೆ. ಹೊರಗೆ ಜೋರು ಮಳೆ.” ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು.

“ಸಾರ್, ಹೊತ್ತಾಯ್ತು. ಗಾಡಿ ತೆಗೀಲಾ?”

ಅವಳ ಕಾಲು ಪೆಡಲ್ ಮೇಲೆಯೇ ನಿಂತಿತು.

“ಬಾರೋ ಮೌನಿ. ಆವತ್ತು ಮಳೆ ಇತ್ತಲ್ವೇನೋ?”

“ಇಲ್ಲ ಸಾರ್. ಮಳೆ ಹಿಂದಿನ ದಿನ. ಆವತ್ತು ಮಂಜು. ಗಾಜು ಒರೆಸೋಕೆ ನಾನು ಎರಡು ಸಲ ಇಳಿದೆ. ಎಲ್ಲಿಗೆ ಸಾರ್ ಅಂದೆ, ಸುಮ್ನೆ ಹೋಗ್ತಾ ಇರು ಅಂದ್ರಿ. ಹೋಗ್ತಾ ಹೋಗ್ತಾ ಸೇತುವೆ ಹತ್ರ ಪೆಟ್ರೋಲ್ ಮುಗೀತು. ನೀವು ಕೋಟು ಬಿಚ್ಚಿಟ್ಟು ಹಿಂದಿನಿಂದ ತಳ್ಳಿದ್ರಿ. ನಾನು ಸ್ಟೀರಿಂಗ್ ಹಿಡಿದೆ.”

“ಲೋ, ಟೇಪು ಓಡ್ತಾ ಇದೆ ಕಣೋ!”

“ಅಯ್ಯೋ, ತಪ್ಪಾಯ್ತು ಸಾರ್.” ಒಂದು ಕೆಮ್ಮು. ಬಾಗಿಲು.

ಅವಳು ಗಡಿಯಾರ ಹಿಡಿದು ಅಳೆದಳು: ನಲವತ್ತೊಂದು ಸೆಕೆಂಡು. ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೊರಗೆ ಬಿಸಿಲಿತ್ತು. ಆದರೂ ಕಿಟಕಿಯ ಗಾಜಿನಾಚೆ ಬೆಳ್ಳಗೆ ಮಂಜು ಕವಿದಂತೆ, ಅದರೊಳಗೆ ಒಂದು ಗಾಡಿ ಸದ್ದಿಲ್ಲದೆ ಉರುಳುತ್ತಿರುವಂತೆ ಅನ್ನಿಸಿತು. ಅವಳು ಎದ್ದು ದಿನಚರಿಯ ಕಪಾಟು ತೆಗೆದು, ಆ ದಿನದ ಪುಟ ಹುಡುಕಿದಳು. ಹಿರಿಯರ ಕೈಬರಹದಲ್ಲಿ ಮೂರೇ ಪದ: ‘ಮಂಜು. ಇಬ್ಬರೇ ಇದ್ದೆವು.’ ಆ ಎರಡನೆಯವರು ಯಾವ ಪಕ್ಷದ ಯಾವ ನಾಯಕರು ಎಂದು ಒಬ್ಬ ಪಂಡಿತರು ನಲವತ್ತು ಪುಟ ಬರೆದಿದ್ದರು.

ಮರಳಿ ಬಂದು ಕೂತು, ನಿಯಮದಂತೆ ಟೈಪ್ ಮಾಡಿದಳು: ‘ಅಡಚಣೆ, 41 ಸೆಕೆಂಡು.’ ಆಮೇಲೆ ಬಹಳ ಹೊತ್ತು ಅದನ್ನೇ ನೋಡಿದಳು. ಸಹಿ ಬಿದ್ದರೆ ಟೇಪು ಅಳಿಯುತ್ತದೆ. ಅಪ್ಪ ಲೋಕದಲ್ಲಿ ಉಳಿಯುವುದು ಈ ಒಂದು ಸಾಲಾಗಿ.

ನಕಲು ತೆಗೆಯಲು ಎರಡು ಯಂತ್ರ ಬೇಕು, ಕಚೇರಿಯಲ್ಲಿದ್ದದ್ದು ಒಂದೇ. ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗುವ ಯೋಚನೆ ಅವಳಿಗೆ ಬರಲಿಲ್ಲ ಎಂದಲ್ಲ, ಬಂತು. ಆದರೆ ಕಚೇರಿಯ ಗುಂಡುಪಿನ್ನು ಸೆರಗಿನಲ್ಲಿ ಸಿಕ್ಕಿ ಮನೆಗೆ ಬಂದರೆ ಮಾರನೇ ದಿನ ವಾಪಸು ತಂದಿಡುವವಳು ಅವಳು. ಅವಳಿಗೆ ಗೊತ್ತಿದ್ದ ದಾರಿ ಒಂದೇ, ಸಹಿಗೆ ಕಳಿಸುವ ಮುನ್ನ ಟೇಪಿಗೂ ಕಾಗದಕ್ಕೂ ತಾಳೆ ನೋಡುವುದು. ಏಳನೇ ಟೇಪನ್ನು ಅವಳು ತಾಳೆ ನೋಡಿಯೇ ನೋಡಿದಳು. ಒಂದು ತಿಂಗಳು ಅಲ್ಪವಿರಾಮ, ಮರುತಿಂಗಳು ಊರಿನ ಹೆಸರುಗಳು, ಆಮೇಲೆ ಕೆಮ್ಮುಗಳ ಎಣಿಕೆ. ಹನ್ನೊಂದು ತಿಂಗಳು ಕಳೆಯಿತು.

ಮನೆಯಲ್ಲಿ ಅಮ್ಮನಿಗೆ ಹೇಳಿದಳು. ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಏನಂದ್ರು?”

“ಆವತ್ತು ಮಂಜು ಬಿದ್ದಿತ್ತಂತೆ. ಪೆಟ್ರೋಲ್ ಮುಗೀತಂತೆ.”

“ಮನೇಲಿ ಉಪ್ಪು ಮುಗಿದ್ರೆ ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಪೆಟ್ರೋಲ್ ಮುಗಿದಿದ್ದನ್ನ ಊರಿಗೆಲ್ಲ ಹೇಳಿದಾರೆ.” ಅದೇ ಅಂಗಿಯನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದಳು. “ಕೆಮ್ಮು ಕೇಳ್ಸುತ್ತಾ?”

“ಕೇಳ್ಸುತ್ತೆ, ಕೊನೇಲಿ.”

“ನಂಗೊಂದ್ಸಲ ಕೇಳ್ಸೇ.”

“ಹೊರಗಿನೋರಿಗೆ ಕೇಳ್ಸೋ ಹಾಗಿಲ್ಲಮ್ಮ.”

“ನಾನು ಹೊರಗಿನೋಳು!” ಎಂದಳು ಅಮ್ಮ, ಯಾರಿಗೂ ಅಲ್ಲದ ಹಾಗೆ.

ಅವಳ ಮೇಲಧಿಕಾರಿಯನ್ನು ಎಲ್ಲರೂ ಸುತ್ತೋಲೆ ಸಾಹೇಬರು ಎನ್ನುತ್ತಿದ್ದರು. ಎದುರುಬದುರು ಕೂತವರಿಗೂ ಸುತ್ತೋಲೆ ಬರೆದು ಕಳಿಸುವವರು. ಕೆಟ್ಟವರಲ್ಲ. ಹನ್ನೆರಡನೇ ತಿಂಗಳ ಮೊದಲ ದಿನ ಅವರು ತಾವೇ ಎದ್ದು ಬಂದರು.

“ಏನ್ರೀ ಕಿವಿಯಕ್ಕ, ಹದಿನಾರು ಟೇಪಲ್ಲಿ ಹದಿನೈದು ಮುಗೀತು. ಈ ಏಳನೇದು ಏನು, ಹೆರಿಗೆಗೆ ಬಂದಿದೆಯಾ?”

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ನಂಗೂ ಅರ್ಥ ಆಗುತ್ತೆ. ಆದ್ರೆ ಇವತ್ತು ನಿಮ್ಮಪ್ಪ ಅಂತ ಬಿಟ್ರೆ ನಾಳೆ ಇನ್ಯಾರದೋ ಅತ್ತೆ, ನಾಡಿದ್ದು ಮಾವ. ಹಿರಿಯರಿಗೆ ಎಂಬತ್ತೆಂಟು, ಕಣ್ಣು ಬೇರೆ ಹೋಗಿದೆ. ನೀವೇ ಹೋಗಿ ಓದಿ ಹೇಳಿ, ಸಹಿ ಹಾಕಿಸ್ಕೊಂಡು ಬನ್ನಿ. ಈ ವಾರಾನೇ.”

ತಾಳೆ ನೋಡಲು ಟೇಪೂ ಇರಬೇಕು ಎಂಬುದು ನಿಯಮ. ಹಾಗಾಗಿ ಹನ್ನೊಂದು ಕಿಲೋ ತೂಕದ ಯಂತ್ರವನ್ನು ಹೊತ್ತುಕೊಂಡು, ಒಂದು ಮಧ್ಯಾಹ್ನ ಅವಳು ಹಿರಿಯರ ಮನೆಯ ಬಾಗಿಲು ತಳ್ಳಿದಳು. ಬಾಗಿಲು ಕಿರ್ರೆಂದಿತು. ಅದೇ ಸದ್ದು. ಅವಳಿಗೆ ಎಚ್ಚರದಲ್ಲೇ ಕನಸಿಗೆ ಕಾಲಿಟ್ಟಂತಾಯಿತು. ಹನ್ನೊಂದು ತಿಂಗಳು ಕಿವಿಯಿಂದ ಕಟ್ಟಿದ ಕೋಣೆ ಕಣ್ಣೆದುರು ನಿಂತಿತ್ತು. ಟೇಪಿನಲ್ಲಿ ಟಿಕ್‌ಟಿಕ್ ಎನ್ನುತ್ತಿದ್ದ ಗಡಿಯಾರ ಎಡಗೋಡೆಯಲ್ಲಿ, ಅವಳು ಊಹಿಸಿದಲ್ಲೇ; ಈಗ ಅದು ನಿಂತುಹೋಗಿತ್ತು. ಮೇಜು ಮರದ್ದೇ. ಕಿಟಕಿ ಮಾತ್ರ ಅವಳಂದುಕೊಂಡಿದ್ದಕ್ಕಿಂತ ದೊಡ್ಡದು; ಅದರಿಂದ ಬಂದ ಬಿಸಿಲು ನೆಲದ ಮೇಲೆ ಸಾಕುಬೆಕ್ಕಿನಂತೆ ಮಲಗಿತ್ತು. ಬಾಗಿಲಿನಿಂದ ಕುರ್ಚಿಗೆ ಆರು ಹೆಜ್ಜೆ. ಅಪ್ಪ ನಿಂತದ್ದು ಮೂರನೇ ಹೆಜ್ಜೆಯಲ್ಲಿ. ದನಿಯ ದೂರದಿಂದ ಅವಳಿಗೆ ಗೊತ್ತಿತ್ತು. ಅಲ್ಲಿ ಕಾಲಿಡದೆ ಸುತ್ತಿ ಹೋದಳು.

ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳಿದರು. ಅವಳು ಓದುತ್ತ ಓದುತ್ತ ಆ ಸಾಲಿಗೆ ಬಂದಳು. “ಅಡಚಣೆ, ನಲವತ್ತೊಂದು ಸೆಕೆಂಡು.”

“ಏನಮ್ಮ ಅದು ಅಡಚಣೆ?”

ಅವಳು ಉತ್ತರ ಹೇಳುವ ಬದಲು ಹೆಡ್‌ಫೋನಿನ ತಂತಿ ಕಿತ್ತು ಟೇಪು ಹಚ್ಚಿದಳು. ಸಾರ್, ಹೊತ್ತಾಯ್ತು, ಗಾಡಿ ತೆಗೀಲಾ? ಹಿರಿಯರ ತಲೆ ತಟ್ಟನೆ ಬಾಗಿಲ ಕಡೆ ತಿರುಗಿತು. ನಲವತ್ತೊಂದು ಸೆಕೆಂಡು ಕಳೆದ ಮೇಲೂ ಅವರ ಮುಖ ಅತ್ತಲೇ ಇತ್ತು.

“ನಮ್ಮ ಮೌನಿ” ಎಂದರು.

“ನಮ್ಮಪ್ಪ, ಸಾರ್.”

ಅವರು ಅವಳ ದನಿಯತ್ತ ತಿರುಗಿ, ಏನನ್ನೋ ಹೋಲಿಸಿ ನೋಡುವಂತೆ ತಲೆ ವಾಲಿಸಿದರು. “ಅವನು ಮನೇಲಿ ಇದನ್ನ ಹೇಳಿದ್ನಾ? ನಾನು ಗಾಡಿ ತಳ್ಳಿದ್ದು?”

“ಒಂದು ಮಾತೂ ಇಲ್ಲ ಸಾರ್.”

“ಹೇಳೋನಲ್ಲ ಬಿಡು. ಆವತ್ತು ಹೆಗಲ ಮೇಲೆ ಕೈ ಹಾಕ್ತಿದ್ದೋರೆಲ್ಲ ಬೆಳಿಗ್ಗೇನೇ ಮಾಯ. ಸಮಾಲೋಚನೆಯಂತೆ ಸಮಾಲೋಚನೆ! ಇವನೊಬ್ಬ ಇದ್ದ.” ಬೆರಳುಗಳಿಂದ ಮೇಜಿನ ಮೇಲೆ ಪೆನ್ನು ತಡಕಿದರು. “ಸಹಿ ಹಾಕಿದ್ರೆ ಟೇಪು ಏನಾಗುತ್ತೆ?”

“ಅಳಿಸ್ತಾರೆ.”

“ಹಾಕದಿದ್ರೆ?”

“ಪರಿಶೀಲನೆಯಲ್ಲಿದೆ ಅಂತ ಬರೀಬೇಕು. ಟೇಪು ಹಾಗೇ ಇರುತ್ತೆ.”

“ಎಷ್ಟು ದಿನ?”

ಅವಳು ಯೋಚಿಸಿದಳು. ನಿಯಮದ ಪುಸ್ತಕ ಅವಳಿಗೆ ಬಾಯಿಪಾಠ. ಆದರೂ ಈ ಪ್ರಶ್ನೆಯನ್ನು ಅವಳು ಎಂದೂ ಕೇಳಿಕೊಂಡಿರಲಿಲ್ಲ. “ಗಡುವು ಬರೆದಿಲ್ಲ ಸಾರ್.”

“ಮತ್ತಿನ್ನೇನು? ಪರಿಶೀಲಿಸೋಣ.” ಹಿರಿಯರ ಮುಖದಲ್ಲಿ ಮೂವತ್ತು ವರ್ಷ ಹಿಂದಿನ ರಾಜಕಾರಣಿ ಮೆಲ್ಲಗೆ ಎದ್ದು ಕೂತ. “ನಿಮ್ಮಮ್ಮ ಇದನ್ನ ಕೇಳಿದಾರಾ?”

“ಇಲ್ಲ. ಹೊರಗಿನೋರಿಗೆ ಕೇಳ್ಸೋ ಹಾಗಿಲ್ಲ. ದನಿ ಯಾರದು ಅಂತ ಹೇಳಿಕೆ ಕೊಟ್ಟೋರಿಗೆ ಸಂದೇಹ ಬಂದ್ರೆ ಮಾತ್ರ, ಗುರುತು ಹಿಡಿಯೋರನ್ನ ಅವರೆದುರಿಗೆ ಕರೆಸಬಹುದು. ಒಂಬತ್ತನೇ ನಿಯಮ.”

“ಹಾಗಾದ್ರೆ ಬರ್ಕೋ ತಾಯಿ. ಆ ದನಿ ಯಾರದು ಅಂತ ನಂಗೆ ಭಾರೀ ಸಂದೇಹ ಇದೆ.”

ಸುತ್ತೋಲೆ ಸಾಹೇಬರು ಸಹಿಯಿಲ್ಲದ ಕಾಗದ ನೋಡಿ, ನಿಯಮದ ಪುಸ್ತಕವನ್ನು ಎರಡು ದಿನ ಹಿಂದುಮುಂದು ತಿರುವಿದರು. ಗಡುವು ಎಲ್ಲೂ ಸಿಗಲಿಲ್ಲ. ಮೂರನೇ ದಿನ ಒಂದು ಸುತ್ತೋಲೆ ಬಂತು. ಅದರಲ್ಲಿ ಒಂದೇ ಸಾಲು: ‘ಗುರುತಿಸುವವರನ್ನು ಕರೆದೊಯ್ಯಲು ಅನುಮತಿಸಿದೆ.’

ಅಮ್ಮ ಆ ದಿನ ಒಳ್ಳೆಯ ಸೀರೆ ಉಟ್ಟಳು. ದಾರಿಯುದ್ದಕ್ಕೂ ಗೊಣಗಿದಳು: “ಆ ಮನೆಗೆ ಮೂವತ್ತೊಂದು ವರ್ಷ ದುಡಿದ್ರು, ಒಂದ್ಸಲ ಕರ್ಕೊಂಡ್ ಹೋಗ್ಲಿಲ್ಲ. ಈಗ ಕರ್ಕೊಂಡ್ ಹೋಗ್ತಿದಾರೆ ನೋಡು.” ಹಿರಿಯರು ಕೈ ಮುಗಿದರು, ಅಮ್ಮನೂ ಮುಗಿದಳು. ಅವರಿಗೆ ಕಾಣದೆಂದು ನೆನಪಾಗಿ “ಮುಗಿದೆ” ಎಂದು ಬಾಯಿಬಿಟ್ಟೂ ಹೇಳಿದಳು. ಅವಳು ಹೆಡ್‌ಫೋನನ್ನು ಅಮ್ಮನ ತಲೆಗೆ ಹಾಕಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಪೆಡಲ್ ಒತ್ತಿದಳು.

ಅವಳಿಗೆ ಈಗ ಏನೂ ಕೇಳುತ್ತಿರಲಿಲ್ಲ. ಸುರುಳಿ ತಿರುಗುತ್ತಿತ್ತು, ಅಷ್ಟೇ. ಆದರೂ ಅಮ್ಮನ ಮುಖ ನೋಡುತ್ತ ಎಲ್ಲೆಲ್ಲಿ ಏನೇನು ಎಂದು ಹೇಳಬಲ್ಲವಳಾಗಿದ್ದಳು. ಈಗ ಬಾಗಿಲು. ಈಗ ಮಂಜು. ಈಗ ಸೇತುವೆ. ಇಪ್ಪತ್ತೆಂಟನೇ ಸೆಕೆಂಡಿನಲ್ಲಿ ಅಮ್ಮನ ತುಟಿ ಒಂದು ಪಕ್ಕಕ್ಕೆ ಜಾರಿತು, ನಗು ಬಂದರೆ ಬರಲಿ ಎಂಬಂತೆ. ಬಿಸಿಲು ನೆಲದ ಮೇಲೆ ಒಂದು ಗೇಣು ಸರಿದು, ಅಪ್ಪ ನಿಂತಿದ್ದ ಮೂರನೇ ಹೆಜ್ಜೆಯ ತನಕ ಬಂದು ನಿಂತಿತ್ತು.

ನಲವತ್ತೊಂದು ಆಯಿತು. ಅವಳು ಪೆಡಲ್ ಬಿಟ್ಟು ನಮೂನೆ ತುಂಬಿಸತೊಡಗಿದಳು. ದನಿ: ಡ್ರೈವರ್. ಗುರುತಿಸಿದವರು: ಹೆಂಡತಿ. ಸ್ಥಿತಿ: ಪರಿಶೀಲನೆಯಲ್ಲಿದೆ.

“ಅವರದೇ ಅಂತ ಖಚಿತಾನಾ ಅಮ್ಮ? ಬರ್ಕೊಳ್ಲಾ?”

ಅಮ್ಮ ಹೆಡ್‌ಫೋನ್ ತೆಗೆಯಲಿಲ್ಲ. ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

“ಮಫ್ಲರ್ ಸುತ್ಕೊಂಡಿಲ್ಲ ಆವತ್ತು” ಎಂದಳು, ಸ್ವಲ್ಪ ಜೋರಾಗಿ, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ. “ದನೀಲೇ ಗೊತ್ತಾಗುತ್ತೆ. ಎಷ್ಟು ಸಲ ಹೇಳಿದ್ದೆ! ಇನ್ನೊಂದ್ಸಲ ಹಾಕು.”