ಬ್ಯಾಟರಿಯಿಂದ ನೇರ ವೈರು

ಕೀ ತೆಗೆದೊಡನೆ ಕರೆಂಟು ನಿಲ್ಲಿಸುವ ಸಾಮಾನಿಗೆ ಏನೋ ಹೆಸರಿದೆ, ರಿಲೇಯೋ ಏನೋ, ಹೋಗಲಿ. ನನ್ನ ಇನ್ಸುಲಿನ್ ಬಿಸಿಲಿಗೆ ಕೆಡಬಾರದೆಂದು ಪುಟ್ಟ ಫ್ರಿಜ್ ತಂದು, ಮೂಡಿಗೆರೆಯಲ್ಲಿ ನಮ್ಮ ಹಳೆಯ ಡೀಸೆಲ್ ಜೀಪಿನ ಬ್ಯಾಟರಿಯಿಂದ ಆ ಸಾಮಾನಿಲ್ಲದೆ ಅದಕ್ಕೆ ನೇರ ವೈರು ಎಳೆಸಿದ್ದೆ, ಕೀ ತೆಗೆದರೂ ಓಡಲೆಂದು.

ಕಳಸದ ನಮ್ಮ ಕಾಫಿ ತೋಟ ಮುಟ್ಟುವಾಗ ಸುಸ್ತಾಗಿತ್ತು. ಡ್ರೈವರ್ ಚಂದ್ರು ಗೇಟಿನ ಇಳಿಜಾರಲ್ಲಿ, ಜೀಪಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿದ.

"ಇಲ್ಲಿ ಬೇಡ ಮಾರಾಯ. ಕಣ ಸಮತಟ್ಟಾಗಿದೆ, ಅಲ್ಲಿ ನಿಲ್ಸು."

"ಫ್ರಿಜ್ಜು ಬ್ಯಾಟರಿ ಕುಡಿದ್ರೆ ಏನ್ಮಾಡೋದು ಅಮ್ಮಾವ್ರೇ? ಇಲ್ಲಾದ್ರೆ ಉರುಳಿಸಿ ಸ್ಟಾರ್ಟ್ ಮಾಡ್ಬಹುದು. ನಾವೆಲ್ಲ ಹೀಗೇ ನಿಲ್ಸೋದು."

"ತಾನಾಗೇ ಉರುಳಿದ್ರೆ?"

ನಾನು ಬಯಲುಸೀಮೆಯವಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಇಳಿಜಾರನ್ನು ನಂಬಿಲ್ಲ. ಅವನು ಜೀಪನ್ನು ಕಣಕ್ಕೆ ಒಯ್ದ.

ಸಂಜೆ ಜೀಪು ಮಿಸುಕಲಿಲ್ಲ. ದಿನವಿಡೀ ಹಣ್ಣು ಕೊಯ್ದು ದಣಿದ ಹೆಂಗಸರೇ ಅದನ್ನು ಅದೇ ಇಳಿಜಾರಿನವರೆಗೆ ತಳ್ಳಿದರು. ಮಂಡಿ ನೋವಿನ ನಾನು ಒಳಗೇ ಕೂತಿದ್ದೆ.

"ಔಷಧಿ ತಣ್ಣಗಿದ್ಯಾ ಅಮ್ಮಾವ್ರೇ?" ಎಂದಳು ಒಬ್ಬಳು, ಏದುಸಿರು ಬಿಡುತ್ತ.

ತಣ್ಣಗೇ ಇತ್ತು.

ಮನೆಗೆ ಬಂದು ಮೊಮ್ಮಗಳನ್ನು ಕರೆದೆ. "ಪುಟ್ಟಿ, ದಪ್ಪಕ್ಷರದಲ್ಲಿ ಬರೆದು ಜೀಪಿನೊಳಗೆ ಅಂಟಿಸು: ಇಳಿಜಾರಲ್ಲೇ ನಿಲ್ಲಿಸಿ. ಕೆಳಗೆ ಇನ್ನೊಂದು ಸಾಲು ಸೇರಿಸು: ಅಜ್ಜಿ ಬೇಡ ಅಂದರೂ."